ಗಟ್ಟಿಯಾದ ಮಟನ್ ರೋಸ್ಟ್ ಉಳಿದಿದೆಯಾ? ಕೈಮ ಉಂಡೆ ಕಟ್ಟಿ

ಯುಗಾದಿಯ ಮರುದಿನ ಮಾಂಸದೂಟದ ಹೊಸತೊಡಕು. ಅದರ ಮಾರನೇ ದಿನ ಎಷ್ಟೋ ಮನೆಗಳ ಫ್ರಿಜ್‌ನಲ್ಲಿ ಒಂದು ಡಬ್ಬಿ ಮಟನ್ ರೋಸ್ಟ್ ಹಾಗೇ ಕೂತಿರುತ್ತದೆ. ಬೆಳಗಿನ ಜಾವವೇ ಕ್ಯೂ ನಿಂತು ತಂದ ಮಾಂಸ. ಆದರೆ ಅಗಿದು ಅಗಿದು ದವಡೆ ನೋವು ಬಂದಿದ್ದರಿಂದ ಯಾರೂ ಎರಡನೇ ಸಲ ಬಡಿಸಿಕೊಂಡಿಲ್ಲ. ಆಮೇಲೆ ಶುರುವಾಗುವುದು ರಿಪೇರಿ. ಒಬ್ಬರು ಅದನ್ನು ಬಾಣಲೆಗೆ ಹಾಕಿ ಇನ್ನಷ್ಟು ಎಣ್ಣೆ ಬಿಟ್ಟು ಹುರಿಯುತ್ತಾರೆ, ಮತ್ತಷ್ಟು ಗಟ್ಟಿಯಾಗುತ್ತದೆ. ಇನ್ನೊಬ್ಬರು ಕುಕ್ಕರ್‌ಗೆ ಹಾಕಿ ಹತ್ತು ಕೂಗು ಕೂಗಿಸುತ್ತಾರೆ. ಅದು ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ಯಾಕೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ, ಅದನ್ನು ಕೊಚ್ಚಿ ಕೈಮ ಮಾಡಿ, ಉಂಡೆ ಕಟ್ಟಿ ಸಾರಿಗೆ ಬಿಡುವುದು.

ಮೊದಲು, ಯಾವ ಗಟ್ಟಿ ಅಂತ ನೋಡಿ

ಒಂದು ತುಂಡನ್ನು ಬೆಚ್ಚಗೆ ಮಾಡಿ. ತಣ್ಣಗಿದ್ದಾಗ ಎಲ್ಲ ಮಾಂಸವೂ ಗಟ್ಟಿಯೇ, ಅದರಿಂದ ಏನೂ ತಿಳಿಯುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ರಬ್ಬರಿನಂತೆ ಎಳೆದುಕೊಂಡು ಬಿಡಿಸಿಕೊಳ್ಳದೇ ಇದ್ದರೆ, ನಡುವೆ ಬಿಳಿ ಪೊರೆ ಹೊಳೆಯುತ್ತಿದ್ದರೆ, ಅದು ಇನ್ನೂ ಬೇಯದ ಗಟ್ಟಿ. ತೊಡೆ, ಭುಜ, ಮುಂಗಾಲಿನ ಮಾಂಸ ಹೀಗಾಗುವುದು ಜಾಸ್ತಿ. ಆ ಪೊರೆಯಲ್ಲಿರುವುದು ಕೊಲ್ಲಾಜೆನ್. ಸುಮಾರು 70 ಡಿಗ್ರಿ ದಾಟಿದ ಮೇಲೆ, ತೇವ ಇದ್ದರೆ, ನಿಧಾನವಾಗಿ ಕರಗಿ ಅಂಟಂಟಾದ ಜಿಲೆಟಿನ್ ಆಗುತ್ತದೆ. ಬಾಣಲೆಯ ಒಣ ಶಾಖದಲ್ಲಿ ಅಷ್ಟು ಹೊತ್ತು ಸಿಗಲಿಲ್ಲ, ಅಷ್ಟೇ.

ಎಳೆದಾಗ ಒಣ ದಾರದಂತೆ ಎಳೆ ಎಳೆಯಾಗಿ ಬಂದರೆ, ಹಿಂಡಿದರೂ ಒಂದು ಹನಿ ರಸ ಬಾರದಿದ್ದರೆ, ಅದು ಬೆಂದು ಬೆಂದು ಒಣಗಿದ ಗಟ್ಟಿ. ಬೆನ್ನಿನ ಮಾಂಸ, ಚಾಪ್ಸ್, ಮೆತ್ತನೆ ತುಂಡುಗಳ ಗತಿ ಇದು. ಶಾಖ ಏರಿದಂತೆ ಎಳೆಗಳು ಬಿಗಿದುಕೊಂಡು ನೀರನ್ನೆಲ್ಲ ಹೊರಗೆ ಹಾಕಿಬಿಟ್ಟಿವೆ. ಇದನ್ನು ಎಷ್ಟು ಕೂಗಿಸಿದರೂ ಪ್ರಯೋಜನ ಇಲ್ಲ.

ಹಾಗಾಗಿ ಎರಡನೆಯದನ್ನು ನೇರವಾಗಿ ಕೊಚ್ಚಿ, ಮೊದಲನೆಯದನ್ನು ಮಾತ್ರ ಕುಕ್ಕರ್‌ಗೆ ಹಾಕಿ. ಮುಳುಗುವಷ್ಟು ನೀರು, ಒಂದು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಉಪ್ಪು ಬೇಡ, ರೋಸ್ಟ್‌ನಲ್ಲೇ ಇದೆ. ಸೀದ ಮಸಾಲೆ ಅಂಟಿದ್ದರೆ ಮೊದಲೇ ಕೆರೆದು ತೆಗೆಯಿರಿ, ಇಲ್ಲದಿದ್ದರೆ ನೀರೆಲ್ಲ ಕಹಿ. ಆ ನೀರನ್ನು ಚೆಲ್ಲಬೇಡಿ, ಸಾರಿಗೆ ಬೇಕು.

ಅಂಗಡಿಯಲ್ಲಿ ಸಿಗುವ ಮೀಟ್ ಟೆಂಡರೈಸರ್ ಪುಡಿಯ ಸುದ್ದಿಗೆ ಹೋಗಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಪರಂಗಿಕಾಯಿಯ ಅಂಶವೇ, ಹಸಿ ಮಾಂಸಕ್ಕೆ ಹಚ್ಚಿ ನೆನೆಸಲು ಇರುವಂಥದ್ದು. ಬೆಂದ ತುಂಡಿಗೆ ಉದುರಿಸಿದರೆ ಮೇಲೆ ಹಿಟ್ಟು ಹಿಟ್ಟು, ಒಳಗೆ ಮೊದಲಿನಂತೆಯೇ. ಅಡುಗೆ ಸೋಡಾ ಹಾಕುವವರೂ ಇದ್ದಾರೆ. ಸೋಪಿನ ರುಚಿ ಇಷ್ಟವಿದ್ದರೆ ಹಾಕಿ.

ಕೊಚ್ಚುವುದು

ಮೂಳೆ ಬಿಡಿಸಿ. ಎಳೆಗೆ ಅಡ್ಡವಾಗಿ ಸಣ್ಣಗೆ ಹೆಚ್ಚಿ. ಮಾಂಸ ಫ್ರಿಜ್‌ನ ತಣ್ಣಗಿರಲಿ, ಕುಕ್ಕರ್‌ನಲ್ಲಿ ಬೇಯಿಸಿದ್ದರೆ ಆರಿಸಿ ಮತ್ತೆ ಫ್ರಿಜ್‌ಗಿಡಿ. ಮಿಕ್ಸಿಗೆ ಹಾಕಿ ಗುಂಡಿಯನ್ನು ಎಡಕ್ಕೆ ತಿರುಗಿಸಿ, ಬಿಟ್ಟು ಬಿಟ್ಟು ನಾಲ್ಕೈದು ಸಲ. ಸುಮ್ನೆ ಓಡಲು ಬಿಟ್ಟರೆ ಚಟ್ನಿಯಾಗುತ್ತದೆ.

ಉಂಡೆ ನಿಲ್ಲಿಸುವುದು

ಬಹಳ ಜನ ಎಡವುವುದು ಇಲ್ಲೇ. ಹಸಿ ಕೈಮದ ಅಳತೆಯನ್ನೇ ಇಟ್ಟುಕೊಂಡು ಉಂಡೆ ಕಟ್ಟುತ್ತಾರೆ, ಸಾರಿಗೆ ಬಿಡುತ್ತಾರೆ, ಐದು ನಿಮಿಷಕ್ಕೆ ಉಂಡೆಯೂ ಇಲ್ಲ ಸಾರೂ ಇಲ್ಲ, ಪಾತ್ರೆ ತುಂಬ ಗಸಿ. ಹಸಿ ಮಾಂಸವನ್ನು ಉಪ್ಪು ಹಾಕಿ ನಾದಿದರೆ ಅದರ ಪ್ರೋಟೀನೇ ಅಂಟಾಗಿ ಹಿಡಿದುಕೊಳ್ಳುತ್ತದೆ, ಬೇಯುವಾಗ ಬಿಗಿಯಾಗುತ್ತದೆ. ಬೆಂದ ಮಾಂಸದಲ್ಲಿ ಆ ಕೆಲಸ ಆಗಲೇ ಮುಗಿದುಹೋಗಿದೆ. ಹಿಡಿದುಕೊಳ್ಳಲು ಬೇರೆಯದನ್ನು ನಾವೇ ಕೊಡಬೇಕು.

ಕಾಲು ಕೆಜಿ ಮಾಂಸಕ್ಕೆ ನಾಲ್ಕು ದೊಡ್ಡ ಚಮಚ ಹುರಿಗಡಲೆ ಪುಡಿ, ಒಂದು ಮೊಟ್ಟೆ. ಹುರಿಗಡಲೆ ಮನೆಯಲ್ಲೇ ನುಣ್ಣಗೆ ಪುಡಿ ಮಾಡಿ, ತರಿ ಇದ್ದರೆ ಉಂಡೆ ಬಿರಿಯುತ್ತದೆ. ಕಡಲೆಹಿಟ್ಟು ಬೇಡವೇ ಬೇಡ, ಬಜ್ಜಿಯ ವಾಸನೆ ಬರುತ್ತದೆ. ಜೊತೆಗೆ ನಾಲ್ಕು ಚಮಚ ತೆಂಗಿನತುರಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಚೂರು ಚಕ್ಕೆ ಲವಂಗ ಸೇರಿಸಿ ನೀರು ಹಾಕದೆ ರುಬ್ಬಿ. ಪ್ಯಾಕೆಟ್ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹುಳಿ, ಬೇಡ. ಈರುಳ್ಳಿಯನ್ನು ಮಾತ್ರ ರುಬ್ಬದೆ ಸಣ್ಣಗೆ ಹೆಚ್ಚಿ, ಹುರಿದು ಆರಿಸಿ ಹಾಕಿ. ಹಸಿ ಈರುಳ್ಳಿ ನೀರು ಬಿಟ್ಟು ಉಂಡೆ ಒಡೆಸುತ್ತದೆ. ಒಣಗಿದ ಗಟ್ಟಿಯಾದರೆ ಒಂದು ಚಮಚ ತುಪ್ಪವನ್ನೂ ಬೆರೆಸಿ, ಹೋದ ಜಿಡ್ಡು ಬೇರೆ ಎಲ್ಲಿಂದ ಬರಬೇಕು?

ಎಲ್ಲ ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಪುಡಿ ತೇವ ಹೀರಿಕೊಳ್ಳಲಿ. ಆಮೇಲೆ ಅಂಗೈಗೆ ಎಣ್ಣೆ ಸವರಿ ನಿಂಬೆಹಣ್ಣಿಗಿಂತ ಚಿಕ್ಕದಾಗಿ ಕಟ್ಟಿ. ಬಿರುಕು ಕಂಡರೆ ಮತ್ತೆ ಒತ್ತಿ ಉರುಟು ಮಾಡಿ, ಸಾರು ನುಗ್ಗುವುದು ಬಿರುಕಿನಿಂದಲೇ.

ಸಾರು ನಿಮ್ಮ ಮನೆಯ ಮಾಮೂಲಿ ಮಟನ್ ಸಾರು. ಕುಕ್ಕರಿನ ನೀರು, ಬಿಡಿಸಿದ ಮೂಳೆ ಹಾಕಿ ಕುದಿಸಿ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ.

ಸಾರು ಕೊತಕೊತ ಕುದಿಯುವಾಗ ಉಂಡೆ ಬಿಡಬೇಡಿ. ಉರಿ ತಗ್ಗಿಸಿ, ಅಂಚಿನಲ್ಲಿ ಮಾತ್ರ ಗುಳ್ಳೆ ಏಳುತ್ತಿರಲಿ. ಮೊದಲು ಒಂದೇ ಒಂದು ಉಂಡೆ ಬಿಟ್ಟು ಎರಡು ನಿಮಿಷ ನೋಡಿ. ಒಡೆದರೆ ಉಳಿದ ಮಿಶ್ರಣಕ್ಕೆ ಇನ್ನೊಂದು ಚಮಚ ಹುರಿಗಡಲೆ ಪುಡಿ. ನಿಂತರೆ ಒಂದೊಂದಾಗಿ, ಒಂದರ ಮೇಲೊಂದು ಬೀಳದಂತೆ ಬಿಡಿ. ಸೌಟು ಹಾಕಿ ತಿರುವಬೇಡಿ. ಬೇಕಾದರೆ ಬಟ್ಟೆಯಲ್ಲಿ ಪಾತ್ರೆ ಹಿಡಿದು ಮೆಲ್ಲಗೆ ಅಲುಗಿಸಿ. ಹತ್ತು ನಿಮಿಷಕ್ಕೆ ಮೊಟ್ಟೆ ಬೆಂದು ಉಂಡೆ ಬಿಗಿಯಾಗುತ್ತದೆ. ಮುದ್ದೆಗೆ ಬಡಿಸಿ. ಅನ್ನಕ್ಕೂ ಆಗುತ್ತದೆ, ಆದರೆ ಮುದ್ದೆಗೇ ಬಡಿಸಿ.

ಒಂದು ಎಚ್ಚರಿಕೆ. ಯುಗಾದಿ ಬರುವುದು ಬೇಸಿಗೆಯಲ್ಲಿ, ರೋಸ್ಟ್ ಮಾಡಿ ಎರಡು ಗಂಟೆಯೊಳಗೆ, ತೀರಾ ಸೆಕೆಯಿದ್ದರೆ ಒಂದು ಗಂಟೆಯೊಳಗೆ, ಫ್ರಿಜ್ ಸೇರಿರಬೇಕು. ಅಲ್ಲೂ ಮೂರು ದಿನಕ್ಕಿಂತ ಹೆಚ್ಚು ಬೇಡ. ರಾತ್ರಿಯಿಡೀ ಒಲೆ ಪಕ್ಕ ಕೂತಿದ್ದ ಮಾಂಸಕ್ಕೆ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ, ಅದು ತಿಪ್ಪೆಗೇ.