ನಾಮಪದ ಬಿಟ್ಟು ಕ್ರಿಯಾಪದ ಹಿಡಿದೆ

ಮಳೆ, ಸಿಡಿಲು, ಗ್ರಹಣ, ಭೂಕಂಪಗಳ ಪದಕೋಶವನ್ನು ಕ್ರಿಯಾಪದಗಳಿಂದ ಕಟ್ಟುತ್ತೇನೆ ಎಂದಾಗ ಜೊತೆಯ ಅನುವಾದಕರು ನಕ್ಕರು. ‘ಅಡಿಪಾಯಕ್ಕೆ ಮೊದಲೇ ಹೆಂಚು ಹೊದಿಸುತ್ತೀರಾ?’ ಎಂದರು ಒಬ್ಬರು. ಈಗ ಅವರೇ ನನ್ನ ಕಡತದ ಪ್ರತಿ ಕೇಳಿದ್ದಾರೆ. ಕೊಟ್ಟಿದ್ದೇನೆ, ಅರ್ಧ ಮಾತ್ರ.

ಮೊದಲ ವರ್ಷ ನಾನೂ ಎಲ್ಲರಂತೆ ಇಂಗ್ಲಿಷ್ ಪಟ್ಟಿಯನ್ನು ಮುಂದಿಟ್ಟುಕೊಂಡು ಅಕಾರಾದಿಯಾಗಿ ಹೊರಟೆ. ಆರುನೂರರಷ್ಟು ನಮೂದುಗಳಾದ ಮೇಲೆ ತಿರುಗಿ ನೋಡಿದರೆ ಹಿಮ, ಇಬ್ಬನಿ, ಕಾವಳ ಮೂರರ ಎದುರಿಗೂ ‘ಮಂಜು’ ಎಂದೇ ಬರೆದಿದ್ದೆ. ಎಲ್ಲವನ್ನೂ ಹೊಡೆದುಹಾಕಿದೆ.

ಆಮೇಲೆ ಬಣ್ಣದ ಚಿತ್ರಗಳ ಕಾರ್ಡು ಮುದ್ರಿಸಿದೆ. ಹೆಚ್ಚುಕಡಿಮೆ ಎರಡು ತಿಂಗಳ ಸಂಪಾದನೆ ಅದಕ್ಕೇ ಹೋಯಿತು. ಒಂದೇ ಚಿತ್ರಕ್ಕೆ ಅರ್ಧ ಜನ ಮಿಂಚು ಎಂದರು, ಅರ್ಧ ಜನ ಸಿಡಿಲು ಎಂದರು. ಇಬ್ಬರೂ ಸರಿ. ಹೊಳೆದರೆ ಮಿಂಚು, ಬಡಿದರೆ ಸಿಡಿಲು. ಚಿತ್ರದಲ್ಲಿ ಎರಡೂ ಒಂದೇ ಬಿಳಿ ಗೆರೆ. ಕಾರ್ಡುಗಳ ಕಟ್ಟು ಈಗ ಅಲುಗಾಡುವ ಮೇಜಿನ ಕಾಲಿನ ಕೆಳಗಿದೆ. ಆದರೆ ದಾರಿ ತೋರಿಸಿದ್ದು ಅದೇ.

ಅಂದಿನಿಂದ ‘ಇದಕ್ಕೆ ಏನೆನ್ನುತ್ತೀರಿ?’ ಎಂದು ಕೇಳುವುದನ್ನು ಬಿಟ್ಟೆ. ‘ಏನಾಯಿತು? ಆಮೇಲೆ?’ ಅಷ್ಟೇ. ಮಳೆಯ ಬಗ್ಗೆ ಕೇಳಿದಾಗಲಂತೂ ಬರೆಯುವ ಕೈ ಸೋತಿತು. ಹನಿಯಿತು, ಜಿನುಗಿತು, ಸುರಿಯಿತು, ಜಡಿಯಿತು, ರಾಚಿತು. ಗಾಳಿಗೆ ಓರೆಯಾಗಿ ಒಳಗೆ ಬಂದದ್ದು ಎರಚಲು. ನಡುವೆ ಸ್ವಲ್ಪ ಬಿಟ್ಟುಕೊಟ್ಟರೆ ‘ಹೊಳವಾಯಿತು’. ಈ ಹೊಳವಿಗೆ ನನ್ನ ಇಂಗ್ಲಿಷ್ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಗ್ರಹಣವೂ ಹಾಗೆಯೇ: ಹಿಡಿಯುತ್ತದೆ, ಬಿಡುತ್ತದೆ. ಆರಂಭ, ಅಂತ್ಯ ಎಂದು ತಿಣುಕಬೇಕಿಲ್ಲ. ‘ಭೂಕುಸಿತ’ವನ್ನು ನಾವು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ, ಮಾತಿನಲ್ಲಿ ಮಾತ್ರ ನೆಲ ಕುಸಿಯುತ್ತದೆ, ಗುಡ್ಡ ಜರಿಯುತ್ತದೆ.

ಮಂಜು-ಕಾವಳದ ಜಗಳವೂ ಹೀಗೆಯೇ ತೀರಿತು. ಹವಾಮಾನ ವೀಕ್ಷಕರು 1 ಕಿಲೋಮೀಟರ್‌ನೊಳಗಿನದ್ದಷ್ಟೇ ಕಾಣುವಂತಿದ್ದರೆ ಒಂದು ಹೆಸರು (ಫಾಗ್), ಅದಕ್ಕಿಂತ ಆಚೆಗೂ ಕಂಡರೆ ಇನ್ನೊಂದು ಹೆಸರು (ಮಿಸ್ಟ್) ಕೊಡುತ್ತಾರೆ. ‘ಕವಿಯಿತು’ ಎಂದವರೆಲ್ಲ ದಾರಿಯೇ ಕಾಣದ್ದನ್ನು ಹೇಳುತ್ತಿದ್ದರು. ಮೊದಲನೆಯದಕ್ಕೆ ಕಾವಳವನ್ನು ಇಟ್ಟೆ.

ನಡುವೆ ಒಂದು ಹುಚ್ಚು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸುತ್ತಾ ಕುಳಿತೆ. ಮೂರು ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. ‘ಗುಡುಗಿತು’ ಎನ್ನುತ್ತಿದ್ದವರು ಯಾವಾಗ ‘ಸಿಡಿಲು ಬಡಿಯಿತು’ ಎನ್ನತೊಡಗುತ್ತಾರೆ ಎಂದು ನೋಡಬೇಕಿತ್ತು. ಅಂತರ ಎರಡು ಸೆಕೆಂಡಿಗೆ ಇಳಿದಾಗ ಮಾತು ಬದಲಾಗುತ್ತಿತ್ತು. ಏಳೆಂಟು ಸಲದ ಲೆಕ್ಕ. ಪದಕೋಶಕ್ಕೆ ಉಪಯೋಗವಾಗಲಿಲ್ಲ, ನನಗೆ ಖುಷಿಯಾಯಿತು.

ಕಂಡಿಲ್ಲದ್ದರ ಮುಂದೆ ಈ ವಿಧಾನ ಸೋಲುತ್ತದೆ, ಒಪ್ಪುತ್ತೇನೆ. ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿಗೆ, ಅಂದರೆ ಧ್ರುವಪ್ರಭೆಗೆ, ಯಾರ ಬಾಯಲ್ಲೂ ಕ್ರಿಯಾಪದ ಸಿಗಲಿಲ್ಲ. ಪುಸ್ತಕದ ಪದವನ್ನೇ ಉಳಿಸಿದೆ. ಸುನಾಮಿ ಜಪಾನಿ ಪದವಾದರೂ ಕ್ರಿಯಾಪದ ನಮ್ಮದೇ ಸಿಕ್ಕಿತು: ಅಲೆ ಅಪ್ಪಳಿಸುತ್ತದೆ, ಸುನಾಮಿ ನುಗ್ಗುತ್ತದೆ.

ಈಗ ಒಂಬೈನೂರರ ಆಸುಪಾಸು ನಮೂದುಗಳಿವೆ. ‘ಆಮೇಲೆ?’ ಎಂದು ಕೇಳುವ ಮುನ್ನ ಇನ್ನೊಂದು ಸಣ್ಣ ಪ್ರಶ್ನೆ ಕೇಳುತ್ತೇನೆ, ಅದು ನನ್ನ ಬಳಿಯೇ ಇರಲಿ. ಸದ್ಯ ಉಲ್ಕೆಯ ಮುಂದೆ ಕುಳಿತಿದ್ದೇನೆ. ಆಕಾಶದಲ್ಲೇ ಉರಿದುಹೋಗುವುದು ಉಲ್ಕೆ, ನೆಲ ಮುಟ್ಟುವುದು ಉಲ್ಕಾಶಿಲೆ. ಕೇಳಿದವರೆಲ್ಲ ಮಾತ್ರ ಎರಡಕ್ಕೂ ‘ಬಿತ್ತು’ ಎಂದೇ ಹೇಳುತ್ತಿದ್ದಾರೆ.