ಮಳೆಗೆ ಮೊದಲು ಮದ್ದು: ನಾನು ಮಾಡಿದ ಪುಟ್ಟ ಗೇಮ್

ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ರಾತ್ರಿ ಊಟ ಆದ ಮೇಲೆ ನಾನು ಆರ್‌ಪಿಜಿ ಮೇಕರ್ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್ ತೆರೆದು ಕೂರುತ್ತೇನೆ. ಕಳೆದ ವರ್ಷ ಮಾಡಿದ್ದರ ಕಥೆ ಇಷ್ಟೇ. ಮಳೆಗೆ ಇನ್ನು 8 ದಿನ. ಅಷ್ಟರೊಳಗೆ ಅಡಿಕೆಗೆ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. ಮರ ಹತ್ತಿ ಮದ್ದು ಬಿಡುವವನು ಊರಿಗೆ ಒಬ್ಬನೇ. ಅವನು ನೆರೆಮನೆ ಅಜ್ಜಿಗೆ ಮಾತು ಕೊಟ್ಟಾಗಿದೆ. ಕೂಲಿ ಜಾಸ್ತಿ ಕೊಟ್ಟರೆ ನಿಮ್ಮ ತೋಟಕ್ಕೆ ಬರುತ್ತಾನೆ. ಕರೆಯುತ್ತೀರಾ?

ನಮ್ಮ ಕಡೆಯವರಿಗೆ ಇದು ಕಥೆಯೇ ಅಲ್ಲ, ಪ್ರತಿ ಮೇ ತಿಂಗಳ ತಲೆನೋವು.

ಮೊದಲ ಸಲ ಅಕ್ಕನ ಮಗನಿಗೆ ಆಡಲು ಕೊಟ್ಟೆ. ಗೇಮಿನ ಅಪ್ಪ "ಬೇಗ ಹೋಗು ಮಗಾ, ಮೋಡ ಕಟ್ಟಿದೆ" ಅನ್ನುತ್ತಾನೆ. ಇವನು ಹೋಗಿ ಹೊಳೆಗೆ ಗಾಳ ಹಾಕಿ ಕೂತ. ಮುಕ್ಕಾಲು ಗಂಟೆ ಮೀನು ಹಿಡಿದ. ಮೋಡ ಅಲ್ಲೇ ಇತ್ತು, ಪಾಪ.

ದೊಡ್ಡ ಗೇಮ್‌ಗಳಲ್ಲೂ ಹೀಗೇ ಆಗುತ್ತದೆ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ನಮ್ಮ ತಲೆಯೊಳಗೆ ಹುಳು ಸೇರಿರುತ್ತದೆ, ತಡಮಾಡಿದರೆ ರಾಕ್ಷಸ ಆಗುತ್ತೀರಿ ಅಂತ ಹೆದರಿಸುತ್ತಾರೆ. ಹತ್ತು ರಾತ್ರಿ ಮಲಗಿ ಎದ್ದರೂ ಏನೂ ಆಗುವುದಿಲ್ಲ. ಅದೇ ಜಾತಿಯ ಹುಳುಗಳಿಂದ ಶಕ್ತಿ ಪಡೆಯುವ ಆಸೆಯನ್ನೂ ತೋರಿಸುತ್ತಾರೆ. ಅವಸರವೇ ಸುಳ್ಳು ಅಂತ ಗೊತ್ತಾದ ಮೇಲೆ ನನಗಂತೂ ಆ ಆಸೆ ಹುಟ್ಟಲಿಲ್ಲ. 1997ರ ಫಾಲೌಟ್‌ನಲ್ಲಿ ಹಾಗಲ್ಲ. ನೀರು ಶುದ್ಧ ಮಾಡುವ ಯಂತ್ರದ ಚಿಪ್ ತರಲು 150 ದಿನ, ತಪ್ಪಿದರೆ ಆಟ ಮುಗಿಯಿತು.

ಸರಿ, ಟೈಮರ್ ಹಾಕಿದೆ. ಅದು ಇನ್ನೂ ಕೆಟ್ಟಿತು. ಅಜ್ಜಿ ಮಾತಾಡುತ್ತಿದ್ದರೂ ಮೂಲೆಯಲ್ಲಿ ಸೆಕೆಂಡು ಓಡುತ್ತಿತ್ತು. ಹುಡುಗ ಒಂದಕ್ಷರ ಓದದೆ ಬಟನ್ ಒತ್ತಿದ, ಆಳನ್ನು ಎಳೆದುಕೊಂಡು ಬಂದ. ತಪ್ಪು ಮಾಡಿದ್ದೇ ಅವನಿಗೆ ಗೊತ್ತಾಗಲಿಲ್ಲ.

ಆಮೇಲೆ ಟೈಮರ್ ತೆಗೆದು, ದಿನದ ಲೆಕ್ಕಕ್ಕೆ ಒಂದು ವೇರಿಯೇಬಲ್ ಇಟ್ಟೆ. ನಡೆದರೆ ಅರ್ಧ ದಿನ, ಮಾತಿಗೆ ಖರ್ಚಿಲ್ಲ. ಮೊದಲ ದಿನ, ಸಮಯ ಧಾರಾಳ ಇರುವಾಗಲೇ, ಆಟಗಾರ ಅಜ್ಜಿಯ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯುವ ಹಾಗೆ ಮಾಡಿದೆ. ಮದ್ದಿಗೆ ಬೇಕಾದ ಮೈಲುತುತ್ತು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ 2 ದಿನ ಉಳಿದಿರುತ್ತದೆ. ಬೇರೆ ಊರಿಂದ ಆಳು ತರಲು 3 ದಿನ ಬೇಕು. ಅಜ್ಜಿಯ ಆಳು ಮಾತ್ರ ಈಗಲೇ ಸಿಗುತ್ತಾನೆ. ಆಯ್ಕೆಗಳಿಗೆ ಇದು ಒಳ್ಳೆಯದು, ಇದು ಕೆಟ್ಟದ್ದು ಅಂತ ಬಣ್ಣ ಹಚ್ಚುವುದನ್ನೂ ಬಿಟ್ಟೆ.

ಈ ಸಲ ಹುಡುಗ ತುಂಬಾ ಹೊತ್ತು ಸುಮ್ನೆ ಕೂತ. ಕೊನೆಗೆ ಆಳನ್ನು ಕರೆದ. ಮಳೆ ಬಂತು, ಅಜ್ಜಿಯ ತೋಟದಲ್ಲಿ ಅಡಿಕೆ ಉದುರಿತು. ಅಜ್ಜಿ ಏನೂ ಅನ್ನಲಿಲ್ಲ. ಮೊದಲಿನ ಹಾಗೇ ಬೆಲ್ಲ ನೀರು ಕೊಟ್ಟರು.

"ಮಾವ, ಪೇಟೆಗೆ ಬೇರೆ ದಾರಿ ಇಲ್ವಾ? ಅಜ್ಜಿ ಮನೆ ಎದುರಿಂದಲೇ ಹೋಗ್ಬೇಕಾ?" ಅಂತ ಕೇಳಿದ.

ಇರಲಿಲ್ಲ. ಅವತ್ತು ರಾತ್ರಿಯೇ ಗುಡ್ಡದ ಹಿಂದೆ ಒಂದು ದಾರಿ ಮಾಡಿದೆ. ಅರ್ಧ ದಿನ ಜಾಸ್ತಿ ಹಿಡಿಯುತ್ತದೆ.