ಮನೆಯಲ್ಲೇ ವಜ್ರ ಪರೀಕ್ಷೆ: ನಾನು ನೋಡುವ ಕ್ರಮ

ಕೈಯಲ್ಲಿರುವ ಹರಳು ವಜ್ರ ಅಲ್ಲ ಅಂತ ಮನೆಯಲ್ಲೇ ಧೈರ್ಯವಾಗಿ ಹೇಳಬಹುದು. ವಜ್ರವೇ ಹೌದು ಅಂತ ಮಾತ್ರ ಪೂರ್ತಿ ಹೇಳಲು ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಪರೀಕ್ಷೆಯ ದಾರಿಯೇ ಬೇರೆಯಾಗುತ್ತದೆ. ನಾನು ಹರಳು ಹಿಡಿದು ಕೂತಾಗ ಅದು ಅಸಲಿ ಅಂತ ಸಾಬೀತು ಮಾಡಲು ಹೋಗುವುದಿಲ್ಲ. ಅಸಲಿ ಅಲ್ಲ ಅನ್ನೋದಕ್ಕೆ ಎಲ್ಲಾದರೂ ಸುಳಿವು ಸಿಗುತ್ತದಾ ಅಂತ ಒಂದೊಂದೇ ಕಡೆ ಹುಡುಕುತ್ತಾ ಹೋಗುತ್ತೇನೆ. ಒಂದು ಗಟ್ಟಿ ಸುಳಿವು ಸಿಕ್ಕರೆ ಸಾಕು, ಅಲ್ಲಿಗೆ ಮುಗಿಯಿತು. ಏನೂ ಸಿಗಲಿಲ್ಲ ಅಂದರೆ ಆ ಹರಳನ್ನು ಲ್ಯಾಬ್‌ಗೆ ಕಳಿಸಬಹುದು ಅಂತ ಅರ್ಥ.

ನನ್ನ ಹತ್ತಿರ ಇರುವ ಸಾಮಾನು ತುಂಬಾ ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್, ಅಂದರೆ ಆಭರಣದವರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ. ಮಿಲಿಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ, ಒಂದು ವರ್ನಿಯರ್ ಕ್ಯಾಲಿಪರ್, ಚಿಮಟ, ಟಾರ್ಚ್, ಮೆತ್ತನೆಯ ಟೂತ್‌ಬ್ರಷ್, ತೆಳ್ಳಗಿನ ನೈಲಾನ್ ಎಳೆ. ಇವುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಲೂಪ್ ಇಟ್ಟುಕೊಳ್ಳುತ್ತೇನೆ.

ಮೊದಲ ಕೆಲಸ ತೊಳೆಯುವುದು. ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಮ್ನೆ. ವಜ್ರಕ್ಕೆ ಜಿಡ್ಡು ಅಂದರೆ ಎಲ್ಲಿಲ್ಲದ ಸೆಳೆತ. ಗಣಿಗಳಲ್ಲಿ ಕಲ್ಲುಪುಡಿಯ ನಡುವಿನಿಂದ ವಜ್ರ ಹೆಕ್ಕಲು ಗ್ರೀಸ್ ಬಳಿದ ಮೇಜಿನ ಮೇಲೆ ನೀರಿನ ಜೊತೆ ಹರಿಸುತ್ತಿದ್ದರು. ಬೇರೆ ಕಲ್ಲು ಹರಿದುಹೋಗುತ್ತಿತ್ತು, ವಜ್ರ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಬೆರಳು ತಾಗಿದ ವಜ್ರ ಬೇಗ ಮಂಕಾಗುತ್ತದೆ. ಮಂಕಾದ ಅಸಲಿ ವಜ್ರ ಗಾಜಿನ ಹಾಗೆ ಕಾಣುವುದುಂಟು. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹರಳಿನ ಹಿಂಭಾಗವನ್ನು ಬ್ರಷ್‌ನಿಂದ ಮೆಲ್ಲಗೆ ಉಜ್ಜುತ್ತೇನೆ. ನಲ್ಲಿ ಕೆಳಗೆ ಬೇಡ, ಬಟ್ಟಲಲ್ಲೇ ಮಾಡಿ. ಸಡಿಲವಾದ ಹರಳು ಬಿದ್ದರೂ ಬಟ್ಟಲಲ್ಲೇ ಇರುತ್ತದೆ. ಅದೇ ಆಭರಣದಲ್ಲಿ ಮುತ್ತೋ ಪಚ್ಚೆಯೋ ಇದ್ದರೆ ಅದನ್ನು ಸೋಪುನೀರಿನಲ್ಲಿ ನೆನೆಸಲೇಬೇಡಿ.

ಒರೆಸಿ, ಒಣಗಿಸಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆ ಬಾಯಿಯ ಹಬೆ ಬಿಡುತ್ತೇನೆ. ಕನ್ನಡಕ ಒರೆಸುವಾಗ ಹಾ ಅಂತ ಬಿಡುತ್ತೇವಲ್ವಾ, ಹಾಗೆ. ವಜ್ರವು ತಾಮ್ರಕ್ಕಿಂತ ಐದು ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ. ಹಾಗಾಗಿ ಅದರ ಮೇಲಿನ ಮಂಜು ನೋಡನೋಡುತ್ತಲೇ ಮಾಯವಾಗುತ್ತದೆ. ಗಾಜು ಮತ್ತು ಅಮೆರಿಕನ್ ಡೈಮಂಡ್ ಮೇಲೆ ಕೆಲವು ಸೆಕೆಂಡ್ ನಿಲ್ಲುತ್ತದೆ. ಅಮೆರಿಕನ್ ಡೈಮಂಡ್ ಅಂದರೆ ಕ್ಯೂಬಿಕ್ ಜಿರ್ಕೋನಿಯಾ, ಅದು ವಜ್ರವೇ ಅಲ್ಲ. ಈ ಪರೀಕ್ಷೆಯನ್ನು ಒಂದೇ ಹರಳಿನ ಮೇಲೆ ಮಾಡಿ ತೀರ್ಮಾನಕ್ಕೆ ಬರಬಾರದು. ಪಕ್ಕದಲ್ಲಿ ಗೊತ್ತಿರುವ ಒಂದು ಹರಳು ಇಟ್ಟುಕೊಂಡು ಎರಡರ ಮೇಲೂ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು ತೊಡಕೂ ಇದೆ. ವಜ್ರದಂತೆಯೇ ಕಾಣುವ ಮೊಯ್ಸನೈಟ್ ಅನ್ನುವ ಇನ್ನೊಂದು ಹರಳು ಕೂಡ ಶಾಖವನ್ನು ಚೆನ್ನಾಗಿ ಹರಿಸುತ್ತದೆ, ಹಬೆಯ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಪೆನ್ನಿನ ಆಕಾರದ ಡೈಮಂಡ್ ಟೆಸ್ಟರ್‌ಗಳ ಕಥೆಯೂ ಇದೇ. ಅವುಗಳಲ್ಲಿ ಶಾಖ ಮಾತ್ರ ಅಳೆಯುವವು ಮೊಯ್ಸನೈಟನ್ನು ವಜ್ರ ಅಂತಲೇ ತೋರಿಸುತ್ತವೆ.

ಈಗ ಲೂಪ್. ಬಹಳ ಜನ ಲೂಪನ್ನು ಹರಳಿನ ಹತ್ತಿರ ಹಿಡಿದು, ಮುಖವನ್ನು ದೂರ ಇಟ್ಟು ನೋಡುತ್ತಾರೆ. ಹಾಗೆ ಏನೂ ಕಾಣುವುದಿಲ್ಲ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಆಮೇಲೆ ಹರಳನ್ನು ಒಂದು ಅಂಗುಲದಷ್ಟು ಹತ್ತಿರ ತರಬೇಕು. ಎರಡೂ ಕೈಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ನಡುಗುವುದಿಲ್ಲ. ಎರಡೂ ಕಣ್ಣು ತೆರೆದಿರಲಿ.

ನಾನು ಮೊದಲು ನೋಡುವುದು ಹರಳಿನ ಮುಖಗಳು ಒಂದನ್ನೊಂದು ಕೂಡುವ ಅಂಚನ್ನು. ವಜ್ರದಲ್ಲಿ ಆ ಅಂಚು ಬ್ಲೇಡಿನ ಬಾಯಿಯಷ್ಟು ಚೂಪು. ಮುಖಗಳು ಕನ್ನಡಿಯಂತೆ ಚಪ್ಪಟೆ. ಅಮೆರಿಕನ್ ಡೈಮಂಡ್‌ನಲ್ಲಿ, ಅದರಲ್ಲೂ ಕೆಲವು ವರ್ಷ ಹಾಕಿಕೊಂಡಿದ್ದರೆ, ಅಂಚುಗಳು ಸವೆದು ಮೊಂಡಾಗಿರುತ್ತವೆ. ಮೇಲಿನ ದೊಡ್ಡ ಮುಖದ ತುಂಬಾ ಸಣ್ಣ ಗೀರುಗಳಿರುತ್ತವೆ. ಮೋಸ್ ಗಡಸುತನದ ಅಳತೆಯಲ್ಲಿ ವಜ್ರ 10, ಮೊಯ್ಸನೈಟ್ 9.25, ಅಮೆರಿಕನ್ ಡೈಮಂಡ್ 8ರಿಂದ 8.5. ಸಂಖ್ಯೆ ಹತ್ತಿರ ಕಂಡರೂ 9 ಮತ್ತು 10ರ ನಡುವಿನ ಅಂತರ ಬಹಳ ದೊಡ್ಡದು.

ಆಮೇಲೆ ಹರಳಿನ ನಡುಪಟ್ಟಿ. ಮೇಲಿನ ಭಾಗ ಮತ್ತು ಕೆಳಗಿನ ಭಾಗ ಕೂಡುವ ಸುತ್ತಂಚು, ಆಭರಣದವರು ಗರ್ಡಲ್ ಅನ್ನುತ್ತಾರೆ. ಕೆಲವು ವಜ್ರಗಳಲ್ಲಿ ಅದು ಮಬ್ಬಾಗಿ ತರಿತರಿಯಾಗಿರುತ್ತದೆ, ಕೆಲವದರಲ್ಲಿ ಸಣ್ಣ ಸಣ್ಣ ಮುಖಗಳಾಗಿ ಕಡಿದಿರುತ್ತದೆ. ಅಲ್ಲೇ ಲೇಸರ್‌ನಿಂದ ಬರೆದ ಸಂಖ್ಯೆಯೂ ಇರಬಹುದು. ಜಿಐಎ, ಐಜಿಐ ತರಹದ ಲ್ಯಾಬ್‌ಗಳ ವರದಿಯ ಸಂಖ್ಯೆ ಅದು. ಸಂಖ್ಯೆ ಇದೆ ಅಂತ ನಾನು ಅಲ್ಲಿಗೇ ನಿಲ್ಲಿಸುವುದಿಲ್ಲ, ಯಾಕೆಂದರೆ ಸಂಖ್ಯೆಯನ್ನು ಯಾವ ಹರಳಿನ ಮೇಲಾದರೂ ಬರೆಯಬಹುದು. ಲ್ಯಾಬ್‌ನ ಜಾಲತಾಣದಲ್ಲಿ ಆ ವರದಿ ತೆರೆದು, ಅದರಲ್ಲಿರುವ ಅಳತೆ, ತೂಕ, ಒಳಗಿನ ಕಲೆಗಳ ನಕ್ಷೆ ಎಲ್ಲವನ್ನೂ ಕೈಯಲ್ಲಿರುವ ಹರಳಿನ ಜೊತೆ ಹೋಲಿಸಿ ನೋಡುತ್ತೇನೆ.

ಒಳಗೆ ನೋಡುವಾಗ ಗುಂಡಗಿನ ಗಾಳಿಗುಳ್ಳೆ ಕಂಡರೆ ಬಹುತೇಕ ಅದು ಗಾಜು. ನಿಸರ್ಗದ ವಜ್ರದಲ್ಲಿ ಕಾಣುವುದು ಬೇರೆ: ಕಪ್ಪು ಚುಕ್ಕೆ, ಪುಟ್ಟ ಹರಳಿನ ಕಣ, ಗರಿಯಂಥ ಬಿರುಕು. ಏನೂ ಕಾಣದಷ್ಟು ಶುಭ್ರವಾಗಿದ್ದರೆ ನಕಲಿ ಅಂತಲೂ ಅಲ್ಲ. ಅಂಥ ವಜ್ರಗಳೂ ಇವೆ. ಆದರೆ ಒಂದೇ ಆಭರಣದ ಅಷ್ಟೂ ಹರಳುಗಳಲ್ಲಿ ಒಂದು ಚುಕ್ಕೆಯೂ ಇಲ್ಲ ಅಂದರೆ ನಾನು ಇನ್ನಷ್ಟು ಹೊತ್ತು ನೋಡುತ್ತೇನೆ.

ಆಭರಣದಲ್ಲಿ ಕೂರಿಸಿದ ಮೊಯ್ಸನೈಟನ್ನು ಚೆನ್ನಾಗಿ ಹಿಡಿದುಕೊಡುವುದು ಲೂಪ್. ಅದರೊಳಗೆ ಹೋದ ಬೆಳಕು ಎರಡಾಗಿ ಸೀಳುತ್ತದೆ. ವಜ್ರದಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಮೊಯ್ಸನೈಟ್‌ನ ಒಳಗೆ ನೋಡಿದರೆ ಹಿಂಬದಿಯ ಅಂಚುಗಳು ಜೋಡಿ ಗೆರೆಯಾಗಿ ಕಾಣುತ್ತವೆ. ನೇರ ಮೇಲಿನಿಂದ ನೋಡಿದರೆ ಮಾತ್ರ ಇದು ತಪ್ಪಿಸಿಕೊಳ್ಳುತ್ತದೆ. ಕಡಿಯುವಾಗಲೇ, ಮೇಲಿನಿಂದ ನೋಡಿದರೆ ಜೋಡಿ ಕಾಣದ ದಿಕ್ಕಿನಲ್ಲಿ ಕಡಿದಿರುತ್ತಾರೆ. ಹರಳನ್ನು ಓರೆಯಾಗಿ ಹಿಡಿದು, ಮೇಲ್ಭಾಗದ ಇಳಿಜಾರಿನ ಗಾಳಿಪಟದಾಕಾರದ ಮುಖದ ಮೂಲಕ ಆಚೆ ಬದಿಯನ್ನು ನೋಡಬೇಕು. ಆಗ ಒಂದೊಂದು ಗೆರೆಯ ಪಕ್ಕದಲ್ಲೂ ಅದರ ನೆರಳಿನಂತೆ ಇನ್ನೊಂದು ಗೆರೆ. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ನೈಸರ್ಗಿಕ ಜಿರ್ಕಾನ್ ಅನ್ನುವ ಹರಳಿನಲ್ಲೂ ಹೀಗೆ ಜೋಡಿ ಕಾಣುತ್ತದೆ. ಅದು ವಜ್ರ ಅಲ್ಲ ಅನ್ನುವುದಂತೂ ಖಚಿತ, ನಮಗೆ ಬೇಕಾದದ್ದು ಅಷ್ಟೇ ತಾನೆ.

ನನ್ನ ಅಕ್ಕ ಒಮ್ಮೆ ತನ್ನ ಓಲೆ ತಂದಿದ್ದಳು. "ಒಂದು ಯಾಕೋ ಜಾಸ್ತಿ ಬಣ್ಣ ಬಣ್ಣವಾಗಿ ಹೊಳೀತಿದೆ ಕಣೋ, ನೋಡು" ಅಂದಳು. ತೊಳೆದು ಟಾರ್ಚ್ ಹಿಡಿದರೆ ಅವಳ ಮಾತು ನಿಜ. ಒಂದರಲ್ಲಿ ಬಿಳಿ ಹೊಳಪು ಜಾಸ್ತಿ, ನಡುನಡುವೆ ಬಣ್ಣ. ಇನ್ನೊಂದರಲ್ಲಿ ಬಣ್ಣವೇ ಮುಂದೆ. ಹಬೆ ಬಿಟ್ಟಾಗ ಬಣ್ಣ ಜಾಸ್ತಿ ಇದ್ದ ಹರಳಿನ ಮೇಲೆ ಮಂಜು ನಿಂತಿತು, ಇನ್ನೊಂದರ ಮೇಲೆ ನಿಲ್ಲಲಿಲ್ಲ. ಲೂಪ್‌ನಲ್ಲಿ ನೋಡಿದರೆ ಬಣ್ಣದ ಹರಳಿನ ಅಂಚೆಲ್ಲ ಸವೆದಿತ್ತು. ಒಂದೇ ಜೋಡಿ, ಒಂದೇ ವಯಸ್ಸು ಅಂದುಕೊಂಡಿದ್ದ ಎರಡು ಹರಳು ಹೀಗೆ ಬೇರೆ ಬೇರೆ ಸವೆದಿರುವುದೇ ದೊಡ್ಡ ಸಾಕ್ಷಿ. ಆಮೇಲೆ ಯೋಚಿಸಿ ಹೇಳಿದಳು, ಬಹಳ ಹಿಂದೆ ಒಂದು ಹರಳು ಬಿದ್ದು ಹೋಗಿ ಬೇರೆ ಕೂರಿಸಿದ್ದರಂತೆ. ಮನೆಯಲ್ಲಿ ಯಾರಿಗೂ ಅದರ ನೆನಪೇ ಉಳಿದಿರಲಿಲ್ಲ. ಬೇಜಾರಾಯಿತು ಅವಳಿಗೆ. ಆದರೂ ತಿಳಿದದ್ದು ಒಳ್ಳೆಯದೇ ಆಯಿತು ಅಂದಳು.

ಹರಳು ಆಭರಣದಿಂದ ಬಿಡಿಯಾಗಿ ಸಿಕ್ಕರೆ ನನಗೆ ಬಲು ಖುಷಿ. ಆಗ ಊಹೆ ಬಿಟ್ಟು ಲೆಕ್ಕ ಮಾಡಬಹುದು. ಗುಂಡಗಿನ ಬ್ರಿಲಿಯಂಟ್ ಕಟ್, ಅಂದರೆ ಹೊಳಪಿಗಾಗಿ ಹಲವು ಮುಖಗಳಾಗಿ ಕಡಿದ ಹರಳಾದರೆ ಅಗಲ ಮತ್ತು ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆಯಿರಿ. ಅಗಲ ಗುಣಿಸು ಅಗಲ ಗುಣಿಸು ಎತ್ತರ ಗುಣಿಸು 0.0061. ಬರುವುದು ಅದು ವಜ್ರವಾಗಿದ್ದರೆ ಇರಬೇಕಾದ ತೂಕ, ಕ್ಯಾರೆಟ್‌ನಲ್ಲಿ. 6.5 ಮಿ.ಮೀ. ಅಗಲ, 3.95 ಮಿ.ಮೀ. ಎತ್ತರದ ಹರಳಿಗೆ ಸುಮಾರು 1.02 ಕ್ಯಾರೆಟ್ ಬರುತ್ತದೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಹಾಗಾಗಿ ತೂಕದ ಯಂತ್ರ 0.204 ಗ್ರಾಂ ಆಸುಪಾಸು ತೋರಿಸಬೇಕು. ಅಷ್ಟೇ ದೊಡ್ಡ ಅಮೆರಿಕನ್ ಡೈಮಂಡ್ ಆದರೆ 0.32 ಗ್ರಾಂ ಮೇಲೆಯೇ ತೂಗುತ್ತದೆ. ಅಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ಪಾಲಿಶೂ ಮುಚ್ಚಲಾರದು.

ಆಕಾರ ಬೇರೆ ಇದ್ದರೆ ನೀರಿನಲ್ಲಿ ತೂಗುತ್ತೇನೆ. ಒಂದು ಸಣ್ಣ ಲೋಟದಲ್ಲಿ ನೀರು, ಅದಕ್ಕೆ ಅರ್ಧ ಹನಿ ಸೋಪು. ಇಲ್ಲದಿದ್ದರೆ ಹರಳಿಗೆ ಗಾಳಿಗುಳ್ಳೆ ಅಂಟಿಕೊಂಡು ಲೆಕ್ಕ ಕೆಡುತ್ತದೆ. ಲೋಟವನ್ನು ಯಂತ್ರದ ಮೇಲಿಟ್ಟು, ನೈಲಾನ್ ಎಳೆಯ ಕುಣಿಕೆಯನ್ನು ಮಾತ್ರ ಮುಳುಗಿಸಿ, ಸೊನ್ನೆಗೆ ತರುತ್ತೇನೆ. ಆಮೇಲೆ ಅದೇ ಕುಣಿಕೆಯಲ್ಲಿ ಹರಳನ್ನು ಸಿಕ್ಕಿಸಿ, ತಳಕ್ಕೂ ಬದಿಗೂ ತಾಗದಂತೆ ಅಷ್ಟೇ ಆಳಕ್ಕೆ ಇಳಿಬಿಡುತ್ತೇನೆ. ಎಳೆಯನ್ನು ಕೈಯಲ್ಲಿ ಹಿಡಿದರೆ ನಡುಗುತ್ತದೆ, ಮೇಲೆ ಅಡ್ಡ ಕಡ್ಡಿಗೆ ಕಟ್ಟಿದರೆ ಒಳ್ಳೆಯದು. ಈಗ ಯಂತ್ರ ತೋರಿಸುವುದು ಹರಳು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಹರಳಿನ ಒಣ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 0.204 ಗ್ರಾಂ ಹರಳಿಗೆ 0.058 ತೋರಿಸಿದರೆ 3.52, ಅದು ವಜ್ರದ ಸಂಖ್ಯೆ. ಮೊಯ್ಸನೈಟ್ 3.22, ಬಿಳಿ ನೀಲಮಣಿ 4, ಅಮೆರಿಕನ್ ಡೈಮಂಡ್ 5.6ರಿಂದ 6. ಹರಳು ತುಂಬಾ ಚಿಕ್ಕದಾದರೆ ಯಂತ್ರದ ಒಂದು ಮಿಲಿಗ್ರಾಂ ವ್ಯತ್ಯಾಸವೇ ಉತ್ತರವನ್ನು ಆಚೀಚೆ ಮಾಡುತ್ತದೆ. ಅರ್ಧ ಕ್ಯಾರೆಟ್‌ಗಿಂತ ಕಡಿಮೆ ಇದ್ದರೆ ನಾನು ಈ ಲೆಕ್ಕ ನಂಬುವುದಿಲ್ಲ. ಇನ್ನೊಂದು ಎಚ್ಚರಿಕೆ, ಬಿಳಿ ಪುಷ್ಯರಾಗದ (ಇಂಗ್ಲಿಷ್‌ನಲ್ಲಿ ಟೋಪಾಜ್) ಸಾಂದ್ರತೆಯೂ ಹೆಚ್ಚುಕಡಿಮೆ 3.53.

ಪುಷ್ಯರಾಗವನ್ನು ಬೇರೆ ಮಾಡಲು ಒಂದು ಗೆರೆ ಸಾಕು. ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಬಿಡಿ ಹರಳನ್ನು ತಲೆಕೆಳಗಾಗಿ, ಚಪ್ಪಟೆ ಮುಖ ಕೆಳಗೆ ಬರುವಂತೆ ಅದರ ಮೇಲಿಡಿ. ಗಾಜು, ಸ್ಫಟಿಕ, ಪುಷ್ಯರಾಗದ ಮೂಲಕ ಗೆರೆ ಬಾಗಿಯಾದರೂ ಕಾಣುತ್ತದೆ. ಚೆನ್ನಾಗಿ ಕಡಿದ ಗುಂಡು ವಜ್ರದಲ್ಲಿ ಕಾಣುವುದಿಲ್ಲ, ಅದು ಬೆಳಕನ್ನು ಅಷ್ಟು ಬಗ್ಗಿಸುತ್ತದೆ. ಮೊಯ್ಸನೈಟ್ ವಜ್ರಕ್ಕಿಂತ ಜಾಸ್ತಿ ಬಗ್ಗಿಸುವುದರಿಂದ ಅದರಲ್ಲೂ ಕಾಣದು. ತೆಳುವಾಗಿ ಕಡಿದ ಹಳೆಯ ವಜ್ರದಲ್ಲಿ ಗೆರೆ ಕಾಣಬಹುದು, ಅದಕ್ಕೆ ಗಾಬರಿಯಾಗಬೇಡಿ. ಉಂಗುರದಲ್ಲಿ ಕೂರಿಸಿದ ಹರಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಕೆಲವು ಪರೀಕ್ಷೆಗಳನ್ನು ನಾನು ಮಾಡುವುದೇ ಇಲ್ಲ, ದಯವಿಟ್ಟು ನೀವೂ ಮಾಡಬೇಡಿ. ಗಾಜಿನ ಮೇಲೆ ಗೀಚುವುದು ಮೊದಲನೆಯದು. ಗಾಜನ್ನು ಸ್ಫಟಿಕವೂ ಗೀಚುತ್ತದೆ, ಪುಷ್ಯರಾಗವೂ ಗೀಚುತ್ತದೆ, ಅಮೆರಿಕನ್ ಡೈಮಂಡ್ ಕೂಡ ಗೀಚುತ್ತದೆ. ಅದರಿಂದ ತಿಳಿಯುವುದು ಏನೂ ಇಲ್ಲ. ಉಪ್ಪುಕಾಗದಕ್ಕೆ ಉಜ್ಜಿದರೆ ಹರಳು ವಜ್ರ ಅಲ್ಲದಿದ್ದಲ್ಲಿ ಅದು ಹಾಳಾಗುತ್ತದೆ. ಅದು ನಿಮಗೆ ಪ್ರಿಯವಾದ ಬಿಳಿ ನೀಲಮಣಿ ಆಗಿದ್ದರೆ? ಸುತ್ತಿಗೆಯಲ್ಲಿ ಹೊಡೆದು ನೋಡುವುದಂತೂ ಘೋರ. ಗಡಸು ಬೇರೆ, ಒಡೆಯದಿರುವುದು ಬೇರೆ. ವಜ್ರಕ್ಕೆ ನಾಲ್ಕು ದಿಕ್ಕಿನಲ್ಲಿ ನಯವಾಗಿ ಸೀಳುವ ಗುಣವಿದೆ, ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಎರಡಾಗುತ್ತದೆ. ಬೆಂಕಿಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕುವುದೂ ಬೇಡ. ವಜ್ರ ಶುದ್ಧ ಇಂಗಾಲ. ಅದು ಉರಿಯುತ್ತದೆ ಅಂತ 1772ರಲ್ಲೇ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ತೋರಿಸಿದ್ದ. ಅಷ್ಟು ಶಾಖ ಮನೆಯ ಲೈಟರ್‌ನಲ್ಲಿ ಹುಟ್ಟದಿದ್ದರೂ, ಬಿರುಕಿಗೆ ಗಾಜು ತುಂಬಿಸಿದ ವಜ್ರವಾದರೆ ಆ ತುಂಬಿಸಿದ್ದು ಹಾಳಾಗುತ್ತದೆ. ಇನ್ನು ಲೋಟದ ನೀರಿಗೆ ಹಾಕಿ ಮುಳುಗಿದರೆ ವಜ್ರ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇನೆ. ಗಾಜೂ ಮುಳುಗುತ್ತದೆ.

ಇಷ್ಟೆಲ್ಲ ದಾಟಿದ ಹರಳು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಆಗಿರಬಹುದು. ಅದು ನಕಲಿ ಅಲ್ಲ. ಅದೇ ಇಂಗಾಲ, ಅದೇ ಗಡಸು, ಅದೇ 3.52. ನೆಲದಡಿಯಿಂದ ಬಂದದ್ದೋ ಯಂತ್ರದಲ್ಲಿ ಬೆಳೆದದ್ದೋ ಅಂತ ಲೂಪ್, ತೂಕ, ಹಬೆ ಯಾವುದೂ ಹೇಳಲಾರದು. ಆ ಪ್ರಶ್ನೆ ನಿಮಗೆ ಮುಖ್ಯವಾದರೆ ಲ್ಯಾಬ್ ಒಂದೇ ದಾರಿ. ಅಲ್ಲಿ ಕೇಳಬೇಕಾದದ್ದು ಮೂರು: ವಜ್ರ ಹೌದೋ ಅಲ್ಲವೋ, ನಿಸರ್ಗದ್ದೋ ಬೆಳೆಸಿದ್ದೋ, ಬಣ್ಣಕ್ಕೋ ಬಿರುಕಿಗೋ ಏನಾದರೂ ಮಾಡಿದ್ದಾರೋ.

ರಿಪೇರಿಗೆ, ಪಾಲಿಶ್‌ಗೆ ಅಥವಾ ಲ್ಯಾಬ್‌ಗೆ ಕೊಡುವ ಮುಂಚೆ ನಾನು ಹರಳಿನ ಒಳಗಿನ ಗುರುತುಗಳನ್ನು ಬರೆದಿಡುತ್ತೇನೆ. ಒಂದು ವೃತ್ತ ಬಿಡಿಸಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ: ಹನ್ನೆರಡು ಗಂಟೆಯ ಜಾಗದಲ್ಲಿ ಆಭರಣದ ಯಾವ ಬದಿ ಇದೆ, ಎರಡು ಗಂಟೆಯ ಹತ್ತಿರ ಕಪ್ಪು ಚುಕ್ಕೆ, ಏಳರ ಹತ್ತಿರ ಅಂಚಿನಿಂದ ಒಳಕ್ಕೆ ಗರಿ. ಫೋನಿನ ಕ್ಯಾಮೆರಾಕ್ಕೆ ಲೂಪ್ ಒತ್ತಿ ಹಿಡಿದು ಫೋಟೊ ಕೂಡ ತೆಗೆಯುತ್ತೇನೆ. ವಾಪಸ್ ಬಂದ ಆಭರಣವನ್ನು ಅಲ್ಲೇ, ಕೊಟ್ಟವರ ಎದುರಿಗೇ, ಲೂಪ್‌ನಲ್ಲಿ ನೋಡಿ ಆ ಚಿತ್ರದ ಜೊತೆ ಹೋಲಿಸುತ್ತೇನೆ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಸಲ ತಾವೇ ಬಲ್ಬ್ ಹತ್ತಿರ ಎಳೆದು ಕೊಡುತ್ತಾರೆ.